ಮೈಕು ಎತ್ತಿ, ಮೊದಲು ಕೇಳಿ

ಮಕ್ಕಳೇ, ಊರ ಜಾತ್ರೆಯಲ್ಲಿ ತೇರು ಎಳೆಯುವ ಹೊತ್ತಿಗೆ ಜನಜಂಗುಳಿಯ ಪಕ್ಕದಲ್ಲಿ ನಿಂತ ಪೊಲೀಸ್ ಜೀಪನ್ನು ನೀವು ನೋಡಿರುತ್ತೀರಿ. ಅದರೊಳಗೆ ಸುರುಳಿ ತಂತಿಗೆ ಕಟ್ಟಿದ ಒಂದು ಮೈಕು ಕೊಕ್ಕೆಗೆ ನೇತಾಡುತ್ತಿರುತ್ತದೆ. ಪೊಲೀಸಿನವರು ಅದನ್ನು ಎತ್ತಿ, ಗುಂಡಿ ಒತ್ತಿ, ಎರಡು ಮಾತು ಹೇಳಿ, ಕೊನೆಗೆ "ಓವರ್" ಎನ್ನುತ್ತಾರೆ. ಗುಂಡಿ ಬಿಟ್ಟ ಮೇಲೆ ಆ ಕಡೆಯ ದನಿ ಕೇಳಿಸುತ್ತದೆ.

ಒಂದು ಶಾಲೆಯ ವಿಜ್ಞಾನ ಮೇಳದಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು: "ಮೇಡಂ, ನಮ್ಮಪ್ಪ ಫೋನಿನಲ್ಲಿ ಮಾತಾಡುವಾಗ ಓವರ್ ಅನ್ನೋದಿಲ್ಲ. ಪೊಲೀಸರು ಮಾತ್ರ ಯಾಕೆ ಅಂತಾರೆ?"

ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಹುಡುಗ ಉತ್ತರ ಕೊಟ್ಟೇಬಿಟ್ಟ. "ಅದು ಹಳೇ ಕಾಲದ ಮೆಷಿನ್ನು ಕಣೇ. ಅದಕ್ಕೆ ಒಂದ್ಸಲಕ್ಕೆ ಒಂದೇ ಕೆಲಸ ಬರೋದು!" ಎಲ್ಲರೂ ನಕ್ಕರು. ನನಗೂ ನಗು ಬಂತು.

ಆ ಹುಡುಗ ಹೇಳಿದ್ದರಲ್ಲಿ ಅರ್ಧ ನಿಜವಿದೆ. ಉಳಿದರ್ಧವನ್ನು ನಾನು ಒಪ್ಪುವುದಿಲ್ಲ. ಹಳೆಯ ವಾಹನ ರೇಡಿಯೋಗಳಲ್ಲಿ ಕೊರತೆಯಂತೆ ಕಾಣುವ ಹಲವು ಅಂಶಗಳು ಹತ್ತಾರು ಜನ ಒಂದೇ ಅಲೆಯನ್ನು ಜಗಳವಿಲ್ಲದೆ ಹಂಚಿಕೊಳ್ಳಲು ಮಾಡಿಕೊಂಡ ಏರ್ಪಾಡುಗಳು. ಈಗಿನ ಫೋನುಗಳಲ್ಲಿ ಆ ಏರ್ಪಾಡು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಹಂಚಿಕೊಳ್ಳುತ್ತಿದ್ದೇವೆ ಎಂಬುದನ್ನೇ ನಾವು ಮರೆತಿದ್ದೇವೆ. ಇದು ನನ್ನ ಅಭಿಪ್ರಾಯ. ಅದು ಸರಿಯೊ ತಪ್ಪೊ ಎಂದು ಓದಿದ ಮೇಲೆ ನೀವೇ ಹೇಳಿ.

ಕೇಳಿಸಿಕೊಳ್ಳಬಹುದು, ಉತ್ತರಿಸಲಾಗದು

ಪೊಲೀಸ್ ಜೀಪಿನ ಈ ಯಂತ್ರದ ಪೂರ್ವಜರನ್ನು ನೋಡಬೇಕಾದರೆ ಅಮೆರಿಕಕ್ಕೆ ಹೋಗಬೇಕು. 1928ರಲ್ಲಿ ಡೆಟ್ರಾಯಿಟ್ ನಗರದ ಪೊಲೀಸರು ತಮ್ಮ ಕಾರುಗಳಲ್ಲಿ ರೇಡಿಯೋ ಗ್ರಾಹಕಗಳನ್ನು ಇಟ್ಟುಕೊಂಡರು. ಠಾಣೆ ಹೇಳಿದ್ದು ಕಾರಿಗೆ ಕೇಳಿಸುತ್ತಿತ್ತು. ಆದರೆ ಕಾರಿನಿಂದ ಉತ್ತರ ಕೊಡುವಂತಿರಲಿಲ್ಲ. ಉತ್ತರ ಹೇಳಬೇಕಾದರೆ ಕಾರು ನಿಲ್ಲಿಸಿ, ಎಲ್ಲಾದರೂ ಟೆಲಿಫೋನು ಹುಡುಕಬೇಕು!

1933ರಲ್ಲಿ ನ್ಯೂಜೆರ್ಸಿ ರಾಜ್ಯದ ಬೇಯಾನ್ ಎಂಬ ಪಟ್ಟಣದ ಪೊಲೀಸರಿಗೆ ಇಮ್ಮುಖ ರೇಡಿಯೋ ದೊರೆಯಿತು. ಕಾರಿನಿಂದಲೂ ಮಾತಾಡುವುದು ಸಾಧ್ಯವಾಯಿತು. 1940ರ ಹೊತ್ತಿಗೆ ಡೇನಿಯಲ್ ನೋಬಲ್ ಎಂಬ ಪ್ರಾಧ್ಯಾಪಕರು ಕನೆಕ್ಟಿಕಟ್ ರಾಜ್ಯದ ಪೊಲೀಸರಿಗಾಗಿ ಎಫ್‌ಎಂ ವಿಧಾನದ ಇಮ್ಮುಖ ರೇಡಿಯೋ ವ್ಯವಸ್ಥೆಯನ್ನು ರೂಪಿಸಿದರು. ಕಾರಿನ ಎಂಜಿನ್ನಿನ ಕಿಡಿಗಳಿಂದ ಏಳುವ ಕರಕರ ಸದ್ದು ಎಫ್‌ಎಂನಲ್ಲಿ ಬಹಳ ಕಡಿಮೆ. ಆಮೇಲೆ ಪೊಲೀಸರಷ್ಟೇ ಅಲ್ಲ, ಟ್ಯಾಕ್ಸಿ, ಆಂಬುಲೆನ್ಸ್, ವಿದ್ಯುತ್ ಕಂಪನಿಗಳ ವಾಹನ, ಸಿಮೆಂಟು ಸಾಗಿಸುವ ಲಾರಿ, ಎಲ್ಲದರಲ್ಲೂ ಇವು ಬಂದವು. ಮೊಟೊರೊಲಾ, ಜನರಲ್ ಎಲೆಕ್ಟ್ರಿಕ್, ಆರ್‌ಸಿಎ ಮುಂತಾದ ಕಂಪನಿಗಳು ಇವನ್ನು ತಯಾರಿಸಿ ಮಾರಿದವು. ನಮ್ಮ ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕೂಡ ಸೇನೆಗೆ ಬೇಕಾದ ಸಂಪರ್ಕ ಸಾಧನಗಳನ್ನು ತಯಾರಿಸುತ್ತಲೇ ಬೆಳೆದ ಸಂಸ್ಥೆ.

ಆ ಕಾಲದ ರೇಡಿಯೋ ಅಂಗೈಯಲ್ಲಿ ಹಿಡಿಸುವಂಥದ್ದಲ್ಲ. ಸೂಟ್‌ಕೇಸಿನಂಥ ಭಾರದ ಪೆಟ್ಟಿಗೆ ಕಾರಿನ ಡಿಕ್ಕಿಯಲ್ಲಿ ಕೂತಿರುತ್ತಿತ್ತು. ಅಲ್ಲಿಂದ ದಪ್ಪನೆಯ ತಂತಿಗಳ ಕಟ್ಟು ಮುಂದಕ್ಕೆ ಬಂದು ಚಾಲಕನ ಎದುರಿನ ಚಿಕ್ಕ ಪೆಟ್ಟಿಗೆಗೆ ಸೇರುತ್ತಿತ್ತು. ಈ ಚಿಕ್ಕ ಪೆಟ್ಟಿಗೆಯಲ್ಲಿ ಸದ್ದು ಹೆಚ್ಚುಕಡಿಮೆ ಮಾಡುವ ತಿರುಗುಗುಂಡಿ, ಚಾನೆಲ್ ಬದಲಿಸುವ ಗುಂಡಿ, ಒಂದು ಹಸಿರು ದೀಪ, ಒಂದು ಕೆಂಪು ದೀಪ. ಹಸಿರು ಉರಿದರೆ ಯಂತ್ರ ಚಾಲೂ ಇದೆ ಎಂದರ್ಥ. ಕೆಂಪು ಉರಿದರೆ ನೀವು ಈಗ ಮಾತಾಡುತ್ತಿದ್ದೀರಿ, ಉಳಿದವರೆಲ್ಲ ಕಾಯುತ್ತಿದ್ದಾರೆ ಎಂದರ್ಥ.

ಮಾತಾಡುವಾಗ ಕಿವಿ ಕೇಳದು

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. "ಓವರ್" ಏಕೆ?

ಇಂಥ ರೇಡಿಯೋದಲ್ಲಿ ಕಳಿಸಲು ಒಂದು ಪ್ರೇಷಕ, ಕೇಳಲು ಒಂದು ಗ್ರಾಹಕ, ಎರಡಕ್ಕೂ ಸೇರಿ ಒಂದೇ ಆಂಟೆನಾ. ಪ್ರೇಷಕ 50 ವ್ಯಾಟ್ ಶಕ್ತಿಯ ಅಲೆಯನ್ನು ಹೊರಡಿಸುತ್ತದೆ ಎಂದುಕೊಳ್ಳಿ. ದೂರದಿಂದ ಬರುವ ಅಲೆ ಆಂಟೆನಾದಲ್ಲಿ ಉಂಟುಮಾಡುವ ವೋಲ್ಟೇಜು ಒಂದು ವೋಲ್ಟಿನ ಹತ್ತು ಲಕ್ಷದಲ್ಲೊಂದು ಭಾಗದ ಅರ್ಧದಷ್ಟಿದ್ದರೂ ಒಳ್ಳೆಯ ಗ್ರಾಹಕ ಅದನ್ನು ಹಿಡಿಯುತ್ತದೆ. ಇವೆರಡರ ಶಕ್ತಿಯನ್ನು ಹೋಲಿಸಿದರೆ, ಹೋಗುವ ಅಲೆ ಬರುವ ಅಲೆಗಿಂತ ಎಷ್ಟು ಪಟ್ಟು ದೊಡ್ಡದು ಗೊತ್ತೆ? ಒಂದರ ಮುಂದೆ 16 ಸೊನ್ನೆ ಹಾಕಿದಷ್ಟು ಪಟ್ಟು! ಕಿವಿಯ ಪಕ್ಕದಲ್ಲಿ ತಮಟೆ ಬಾರಿಸುತ್ತಿರುವಾಗ ಇರುವೆಯ ಹೆಜ್ಜೆ ಸದ್ದು ಕೇಳಲು ಸಾಧ್ಯವೆ?

ಆದ್ದರಿಂದ ಗುಂಡಿ ಒತ್ತಿದೊಡನೆ ಒಳಗಿರುವ ರಿಲೇ ಎಂಬ ವಿದ್ಯುತ್ಕಾಂತದ ಸ್ವಿಚ್ಚು 'ಟಿಕ್' ಎನ್ನುತ್ತದೆ. ಆಂಟೆನಾವನ್ನು ಗ್ರಾಹಕದಿಂದ ಬಿಡಿಸಿ ಪ್ರೇಷಕಕ್ಕೆ ಜೋಡಿಸುತ್ತದೆ. ಆ ಕ್ಷಣದಿಂದ ನೀವು ಮಾತಾಡಬಲ್ಲಿರಿ, ಆದರೆ ಕಿವುಡರು. "ಓವರ್" ಎಂದರೆ 'ನನ್ನ ಮಾತು ಮುಗಿಯಿತು, ಇನ್ನು ನನ್ನ ಕಿವಿ ತೆರೆದಿದೆ' ಎಂದು ಹೇಳುವ ರೀತಿ.

ಮಾತು ಚಿಕ್ಕದಾಗಿರಬೇಕು ಎನ್ನಲು ಇನ್ನೊಂದು ಕಾರಣವೂ ಇತ್ತು. ಆಗಿನ ರೇಡಿಯೋಗಳಲ್ಲಿ ಗಾಜಿನ ನಿರ್ವಾತ ನಳಿಕೆಗಳಿರುತ್ತಿದ್ದವು. ಅವಕ್ಕೆ ನೂರಾರು ವೋಲ್ಟ್ ಬೇಕು. ಕಾರಿನ ಬ್ಯಾಟರಿಯಲ್ಲಿ ಇರುವುದು 6 ಅಥವಾ 12 ವೋಲ್ಟ್. ಬ್ಯಾಟರಿಯಿಂದ ತಿರುಗುವ ಮೋಟಾರು, ಅದರ ದಂಡಕ್ಕೇ ಜೋಡಿಸಿದ ಜನರೇಟರು ಇವುಗಳಿಂದ ಆ ನೂರಾರು ವೋಲ್ಟನ್ನು ಪಡೆಯಬೇಕಿತ್ತು. ಉದ್ದುದ್ದ ಮಾತಾಡಿದರೆ ಬ್ಯಾಟರಿ ಬರಿದು. 1958ರಲ್ಲಿ ಮೊಟೊರೊಲಾ ಕಂಪನಿಯ ಮೊಟ್ರ್ಯಾಕ್ ಎಂಬ ರೇಡಿಯೋ ಬಂದಾಗ ಅದರ ಗ್ರಾಹಕದಲ್ಲಿ, ವಿದ್ಯುತ್ ಪೂರೈಸುವ ಭಾಗದಲ್ಲಿ ನಳಿಕೆಗಳ ಬದಲು ಟ್ರಾನ್ಸಿಸ್ಟರುಗಳಿದ್ದವು. ಕಾರಿನ ಎಂಜಿನ್ ನಿಲ್ಲಿಸಿಯೂ ರೇಡಿಯೋ ಬಳಸಬಹುದಾಯಿತು.

ಬೆಣಚುಕಲ್ಲಿನ ಚೂರೇ ವಿಳಾಸ

ನಿಮ್ಮ ಮನೆಯ ರೇಡಿಯೋದಲ್ಲಿ ತಿರುಗುಗುಂಡಿ ತಿರುಗಿಸಿ ಯಾವ ನಿಲಯ ಬೇಕಾದರೂ ಹಿಡಿಯಬಹುದು. ಹಳೆಯ ವಾಹನ ರೇಡಿಯೋದಲ್ಲಿ ಹಾಗಿಲ್ಲ. ಚಾನೆಲ್ಲುಗಳು ಒಂದೊ, ಎರಡೊ, ನಾಲ್ಕೊ ಅಷ್ಟೇ. ಪ್ರತಿ ಚಾನೆಲ್ಲಿಗೂ ತೆಳ್ಳಗೆ ಕತ್ತರಿಸಿದ ಬೆಣಚುಕಲ್ಲಿನ ಸ್ಫಟಿಕ ಬೇಕು. ಅದಕ್ಕೆ ವಿದ್ಯುತ್ ಕೊಟ್ಟರೆ ಅದು ತನ್ನದೇ ಆದ ಒಂದು ಆವೃತ್ತಿಯಲ್ಲಿ ಕಂಪಿಸುತ್ತದೆ. ಉದಾಹರಣೆಗೆ, ಸೆಕೆಂಡಿಗೆ 125 ಲಕ್ಷ ಸಲ ಕಂಪಿಸುವ ಸ್ಫಟಿಕದ ಆವೃತ್ತಿ 12.5 ಮೆಗಾಹರ್ಟ್ಸ್. ಮಂಡಲಗಳ ಸಹಾಯದಿಂದ ಅದನ್ನು 12 ಪಟ್ಟು ಮಾಡಿದರೆ? ಲೆಕ್ಕ ಮಾಡಿ. 150 ಮೆಗಾಹರ್ಟ್ಸ್ ಸಿಕ್ಕಿತಲ್ಲವೆ? ವಾಹನ ರೇಡಿಯೋಗಳು ಬಳಸುತ್ತಿದ್ದುದು ಇಂಥ ಆವೃತ್ತಿಗಳನ್ನೇ.

ಚಾನೆಲ್ ಬದಲಿಸಬೇಕಾದರೆ ಹೊಸ ಸ್ಫಟಿಕ ತರಿಸಬೇಕು. ಇದು ಕಿರಿಕಿರಿಯೇ. ಆದರೆ ಇದರಿಂದ ಒಂದು ಲಾಭವೂ ಇತ್ತು. ಯಾರೂ ತಮಾಷೆಗೆ ಇನ್ನೊಬ್ಬರ ಚಾನೆಲ್ಲಿಗೆ ನುಗ್ಗುವಂತಿರಲಿಲ್ಲ. ತನಗೆ ಕೊಟ್ಟ ಅಲೆಯಲ್ಲಿ ಮಾತ್ರ ಮಾತು.

ಮೌನ ಬೇಕೆ? ಎಷ್ಟು ಬೇಕು?

ಎಫ್‌ಎಂ ಗ್ರಾಹಕಕ್ಕೆ ಯಾವ ನಿಲಯವೂ ಸಿಗದಿದ್ದರೆ 'ಶ್‌ಶ್‌ಶ್' ಎಂಬ ಮಳೆಯಂಥ ಸದ್ದು ಬರುತ್ತದೆ. ದಿನವಿಡೀ ಇದನ್ನು ಕೇಳುತ್ತ ಕಾರು ಓಡಿಸುವುದು ಯಾರಿಂದ ಸಾಧ್ಯ? ಅದಕ್ಕಾಗಿ 'ಸ್ಕ್ವೆಲ್ಚ್' ಎಂಬ ಸದ್ದಡಗಿಸುವ ವ್ಯವಸ್ಥೆ. ಅಲೆ ಬರುವ ತನಕ ಅದು ಧ್ವನಿವರ್ಧಕದ ಬಾಯಿ ಮುಚ್ಚಿಸಿರುತ್ತದೆ. ಅಲೆ ಬಂದೊಡನೆ ತೆರೆಯುತ್ತದೆ.

ಎಷ್ಟು ಬಲವಾದ ಅಲೆಗೆ ತೆರೆಯಬೇಕು ಎಂಬುದನ್ನು ಚಾಲಕ ತಿರುಗುಗುಂಡಿಯಿಂದ ತಾನೇ ನಿಗದಿ ಮಾಡಬೇಕು. ಇಲ್ಲೊಂದು ಎಚ್ಚರಿಕೆ ಇದೆ. ಗುಂಡಿಯನ್ನು ಬಹಳ ಬಿಗಿಯಾಗಿ ತಿರುಗಿಸಿದರೆ ಕಾರಿನೊಳಗೆ ಸುಖವಾದ ಮೌನ. ಆದರೆ ದೂರದ, ದುರ್ಬಲವಾದ ಅಲೆಗೂ ಬಾಗಿಲು ಮುಚ್ಚಿದಂತೆಯೇ. ಗುಡ್ಡದ ಆಚೆ ಸಿಕ್ಕಿಕೊಂಡವನ ಕೂಗು ಬಂದರೂ ಕೇಳಿಸುವುದಿಲ್ಲ. ಸ್ವಲ್ಪ ಸದ್ದು ಸಹಿಸಿಕೊಂಡವನಿಗೆ ಮಾತ್ರ ದೂರದವರ ದನಿ ಕೇಳುತ್ತದೆ. ನನ್ನ ಮಟ್ಟಿಗೆ ಇದು ಬರೀ ರೇಡಿಯೋದ ಪಾಠವಲ್ಲ.

ಒಂದೇ ಅಲೆ, ಬೇರೆ ಬೇರೆ ಮನೆ

ರೇಡಿಯೋ ಕೊಳ್ಳುವವರು ಹೆಚ್ಚಾದರು. ಅಲೆಗಳು ಹೆಚ್ಚಾಗಲಿಲ್ಲ. ಒಂದೇ ಚಾನೆಲ್ಲನ್ನು ಟ್ಯಾಕ್ಸಿಯವರು, ಹಾಲಿನ ವ್ಯಾನಿನವರು, ಲಿಫ್ಟ್ ರಿಪೇರಿಯವರು ಹಂಚಿಕೊಳ್ಳಬೇಕಾಯಿತು. ಹಾಲಿನವರ ಮಾತು ಟ್ಯಾಕ್ಸಿಯವರಿಗೆ ಏಕೆ ಬೇಕು?

ಇದಕ್ಕೆ 1950ರ ದಶಕದಲ್ಲಿ ಒಂದು ಜಾಣ ಉಪಾಯ ಬಳಕೆಗೆ ಬಂತು. ಪ್ರತಿ ಗುಂಪಿಗೂ ಒಂದು ಗುಟ್ಟಿನ ಶ್ರುತಿ. ಮಾತಿನ ಜೊತೆಗೆ, ಮಾತಿನ ಅಡಿಯಲ್ಲಿ, ಸಣ್ಣದಾಗಿ ಆ ಶ್ರುತಿಯೂ ಹೋಗುತ್ತದೆ. ಒಂದು ಗುಂಪಿಗೆ 100 ಹರ್ಟ್ಸ್ ಆದರೆ ಇನ್ನೊಂದು ಗುಂಪಿಗೆ ಬೇರೆ. ಗ್ರಾಹಕವು ಮಾತನ್ನು ಧ್ವನಿವರ್ಧಕಕ್ಕೆ ಬಿಡುವ ಮೊದಲು ಇಂಥ ತಗ್ಗಿನ ಶ್ರುತಿಯನ್ನು ಸೋಸಿ ತೆಗೆಯುತ್ತದೆ. ಆದ್ದರಿಂದ ಅದು ನಮ್ಮ ಕಿವಿಗೆ ಬೀಳದು. ಆದರೆ ಗ್ರಾಹಕದೊಳಗಿನ ಒಂದು ಲೋಹದ ಪಟ್ಟಿ ಮಾತ್ರ ಅದನ್ನು ಗುರುತಿಸುತ್ತದೆ. ತನ್ನ ಶ್ರುತಿ ಬಂದರೆ ಪಟ್ಟಿ ಕಂಪಿಸಿ ಧ್ವನಿವರ್ಧಕವನ್ನು ತೆರೆಯುತ್ತದೆ. ಬೇರೆ ಶ್ರುತಿಗೆ ಮಿಸುಕುವುದಿಲ್ಲ. ಇದಕ್ಕೆ ಮೊಟೊರೊಲಾದವರು ಇಟ್ಟ ಹೆಸರು 'ಪ್ರೈವೇಟ್ ಲೈನ್'. ಜನರಲ್ ಎಲೆಕ್ಟ್ರಿಕ್‌ನವರು 'ಚಾನೆಲ್ ಗಾರ್ಡ್' ಎಂದರು.

ಇದು ಹೇಗೆ ಸಾಧ್ಯ ಎಂದು ನೀವೇ ಮಾಡಿ ನೋಡಿ. ಎರಡು ಕಿಟಕಿ ಸರಳುಗಳ ನಡುವೆ ಒಂದು ದಾರವನ್ನು ಅಡ್ಡವಾಗಿ ಕಟ್ಟಿ. ಅದಕ್ಕೆ ಮೂರು ಚಿಕ್ಕ ಕಲ್ಲುಗಳನ್ನು ದಾರದಿಂದ ಇಳಿಬಿಡಿ. ಎರಡರ ದಾರದ ಉದ್ದ ಸಮನಾಗಿರಲಿ, ಮೂರನೆಯದು ಅರ್ಧದಷ್ಟಿರಲಿ. ಸಮ ಉದ್ದದ ಎರಡರಲ್ಲಿ ಒಂದನ್ನು ತೂಗಿಬಿಡಿ. ಸ್ವಲ್ಪ ಹೊತ್ತಿನಲ್ಲಿ ಅದರ ಜೋಡಿ ತಾನಾಗಿ ತೂಗಲಾರಂಭಿಸುತ್ತದೆ. ಗಿಡ್ಡ ದಾರದ್ದು ಸುಮ್ಮನೆ ಅಲುಗಾಡಿ ನಿಲ್ಲುತ್ತದೆ. ಇದನ್ನೇ ಅನುರಣನೆ ಎನ್ನುವುದು. ರೇಡಿಯೋದೊಳಗಿನ ಪಟ್ಟಿಯೂ ತನ್ನ ಶ್ರುತಿಗೆ ಹೀಗೆಯೇ ಸ್ಪಂದಿಸುತ್ತದೆ.

ಇಲ್ಲೂ ಒಂದು ತೊಡಕು ಬಂತು. ಮಾತು ಮುಗಿದು ಶ್ರುತಿ ನಿಂತರೂ, ತೂಗುಮಣೆಯಂತೆ ಪಟ್ಟಿ ಇನ್ನೂ ಕೊಂಚ ಹೊತ್ತು ಅಲುಗುತ್ತಿತ್ತು. ಆ ಹೊತ್ತಿನಲ್ಲಿ 'ಖರ್‌ರ್' ಎಂಬ ಸದ್ದು ನುಸುಳುತ್ತಿತ್ತು. ತೂಗುಮಣೆಯನ್ನು ಬೇಗ ನಿಲ್ಲಿಸಲು ನೀವು ಏನು ಮಾಡುತ್ತೀರಿ? ಎದುರಿನಿಂದ ತಳ್ಳುತ್ತೀರಿ. ಎಂಜಿನಿಯರುಗಳೂ ಅದನ್ನೇ ಮಾಡಿದರು. ಚಾಲಕ ಗುಂಡಿ ಬಿಟ್ಟ ಮೇಲೂ ಪ್ರೇಷಕ ಕ್ಷಣಕಾಲ ಚಾಲೂ ಇದ್ದು, ಅದೇ ಶ್ರುತಿಯನ್ನು ಹಿಂದುಮುಂದಾಗಿಸಿ ಕಳಿಸುತ್ತಿತ್ತು. ಪಟ್ಟಿ ತಟ್ಟನೆ ನಿಲ್ಲುತ್ತಿತ್ತು.

ಕೊಕ್ಕೆಯ ಗುಟ್ಟು

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗಕ್ಕೆ ಬಂದೆವು. ಅದೇ ಮೈಕು ನೇತುಹಾಕುವ ಕೊಕ್ಕೆ.

ಗುಟ್ಟಿನ ಶ್ರುತಿಯಿಂದ ಒಂದು ಅಪಾಯ ಹುಟ್ಟಿಕೊಂಡಿತ್ತು. ಬೇರೆಯವರ ಮಾತು ನನಗೆ ಕೇಳಿಸುವುದಿಲ್ಲ ಎಂದ ಮಾತ್ರಕ್ಕೆ ಬೇರೆಯವರು ಮಾತಾಡುತ್ತಿಲ್ಲ ಎಂದರ್ಥವೆ? ಅಲ್ಲವಲ್ಲ! ಅಲೆ ಒಂದೇ. ನನ್ನ ರೇಡಿಯೋ ಮೌನವಾಗಿದೆ ಎಂದು ನಾನು ಗುಂಡಿ ಒತ್ತಿಬಿಟ್ಟರೆ, ಅದೇ ಕ್ಷಣದಲ್ಲಿ ಮಾತಾಡುತ್ತಿರುವ ಇನ್ನೊಬ್ಬರ ಮಾತನ್ನು ತುಳಿದಂತಾಗುತ್ತದೆ. ಎಫ್‌ಎಂನಲ್ಲಿ ಎರಡು ಅಲೆಗಳು ಒಟ್ಟಿಗೆ ಬಂದರೆ ಬಲವಾದದ್ದು ಗೆಲ್ಲುತ್ತದೆ, ದುರ್ಬಲವಾದದ್ದು ಬಹುತೇಕ ಅಳಿಸಿಯೇ ಹೋಗುತ್ತದೆ. ನಾನು ಹತ್ತಿರದಲ್ಲಿದ್ದು "ಊಟಕ್ಕೆ ಬರಲೇ?" ಎಂದು ಕೇಳುತ್ತಿರಬಹುದು. ದೂರದಲ್ಲಿ ಒಬ್ಬ "ಅಪಘಾತವಾಗಿದೆ, ಸಹಾಯ ಬೇಕು" ಎನ್ನುತ್ತಿರಬಹುದು. ಕೇಳುವವನಿಗೆ ಸಿಗುವುದು ನನ್ನ ಊಟದ ಮಾತು ಮಾತ್ರ. ನಾನು ಅವನ ಮಾತು ಅಳಿಸಿದೆ ಎಂಬುದು ನನಗೆ ಗೊತ್ತೂ ಆಗುವುದಿಲ್ಲ.

ಇದನ್ನು ತಪ್ಪಿಸಲು ಏನು ಮಾಡಿದರು ನೋಡಿ. ಮೈಕಿನ ಬೆನ್ನಿಗೆ ಲೋಹದ ಒಂದು ಗುಬುಟು. ಕೊಕ್ಕೆಯೂ ಲೋಹದ್ದೇ, ಅದಕ್ಕೆ ತಂತಿಯ ಸಂಪರ್ಕ. ಮೈಕು ಕೊಕ್ಕೆಯಲ್ಲಿರುವಾಗ ಮಂಡಲ ಪೂರ್ಣವಾಗಿರುತ್ತದೆ. ಗುಟ್ಟಿನ ಶ್ರುತಿಯ ಕಾವಲು ಇರುತ್ತದೆ, ಬೇರೆಯವರ ಮಾತು ಕೇಳಿಸದು. ಮಾತಾಡಬೇಕೆಂದು ಮೈಕನ್ನು ಎತ್ತಿದೊಡನೆ ಮಂಡಲ ಕಡಿಯುತ್ತದೆ, ಕಾವಲು ತೆರೆಯುತ್ತದೆ. ಆ ಚಾನೆಲ್ಲಿನಲ್ಲಿ ಯಾರು ಮಾತಾಡುತ್ತಿದ್ದರೂ ಥಟ್ಟನೆ ಕಿವಿಗೆ ಬೀಳುತ್ತದೆ! ಯಾರಾದರೂ ಮಾತಾಡುತ್ತಿದ್ದರೆ ನೀವು ಕಾಯುತ್ತೀರಿ. ಇಲ್ಲದಿದ್ದರೆ ಗುಂಡಿ ಒತ್ತುತ್ತೀರಿ. ಕಳಿಸುವ ಮೊದಲು ಚಾನೆಲ್ಲನ್ನು ಕೇಳಿಸಿಕೊಳ್ಳಬೇಕು ಎಂದು ಅಮೆರಿಕದ ರೇಡಿಯೋ ನಿಯಮಗಳೂ ಹೇಳುತ್ತವೆ. ನಿಯಮವನ್ನು ಪುಸ್ತಕದಲ್ಲಿ ಬರೆದಿಟ್ಟರೆ ಜನ ಮರೆಯಬಹುದು. ಕೊಕ್ಕೆಯಲ್ಲಿ ಇಟ್ಟರೆ ಮರೆಯುವುದು ಕಷ್ಟ.

ಬ್ಯಾಟರಿ, ಬಲ್ಬು, ಸ್ವಿಚ್ಚು ಇಟ್ಟುಕೊಂಡು ನೀವು ಐದನೆಯ ತರಗತಿಯಲ್ಲಿ ಮಾಡಿದ ಮಂಡಲಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ. ಅಷ್ಟು ಸರಳ ವಿಜ್ಞಾನ ಇಷ್ಟು ದೊಡ್ಡ ಕೆಲಸ ಮಾಡುತ್ತಿತ್ತು.

ಇನ್ನೂ ಕೆಲವು ಸೌಲಭ್ಯಗಳನ್ನು ಬೇಕೆಂದವರು ಹೆಚ್ಚು ಹಣ ಕೊಟ್ಟು ಹಾಕಿಸಿಕೊಳ್ಳಬಹುದಿತ್ತು. ಅವುಗಳಲ್ಲೊಂದು ಸಮಯ ಮಿತಿ. ಚಾಲಕ ಅರಿವಿಲ್ಲದೆ ಮೈಕಿನ ಮೇಲೆ ಕೂತುಬಿಟ್ಟು ಗುಂಡಿ ಒತ್ತಿಹೋದರೆ ಇಡೀ ಊರಿನ ಚಾನೆಲ್ ಕಟ್ಟಿಹೋಗುತ್ತದೆ. ಅದಕ್ಕಾಗಿ ಒಂದು ನಿಮಿಷದಂಥ ಗಡುವು ಮೀರಿದರೆ ಪ್ರೇಷಕ ತಾನೇ ನಿಲ್ಲುತ್ತಿತ್ತು. ಇನ್ನೊಂದು ಆದ್ಯತೆಯ ಹುಡುಕಾಟ. ಬೇರೆ ಚಾನೆಲ್ ಕೇಳುತ್ತಿದ್ದರೂ ಯಂತ್ರವು ನಡುನಡುವೆ ಮುಖ್ಯ ಚಾನೆಲ್ಲಿಗೆ ಇಣುಕಿ ನೋಡಿ, ಅಲ್ಲಿ ಕರೆ ಬಂದಿದ್ದರೆ ಅದನ್ನೇ ಮೊದಲು ಕೇಳಿಸುತ್ತಿತ್ತು.

ಹಾಗಾದರೆ ಹಳೆಯದೇ ಒಳ್ಳೆಯದೆ?

ಹಾಗೆಂದು ನಾನು ಹೇಳುತ್ತಿಲ್ಲ. ಹಳೆಯ ರೇಡಿಯೋ ಭಾರ, ದುಬಾರಿ. ಗುಟ್ಟಿನ ಶ್ರುತಿ ಎಂದರೂ ಗುಟ್ಟೇನೂ ಉಳಿಯುತ್ತಿರಲಿಲ್ಲ. ಶ್ರುತಿಯ ಕಾವಲು ಇಲ್ಲದ ರೇಡಿಯೋ ಇದ್ದವರಿಗೆ ಎಲ್ಲರ ಮಾತೂ ಕೇಳುತ್ತಿತ್ತು. ಅಲೆಗಳನ್ನು ಅವು ಧಾರಾಳವಾಗಿ ಬಳಸುತ್ತಿದ್ದವು. ಒಂದು ಚಾನೆಲ್ಲಿಗೆ 25 ಕಿಲೋಹರ್ಟ್ಸ್ ಅಗಲದ ಜಾಗ ಬೇಕಿತ್ತು. ಅಮೆರಿಕದಲ್ಲಿ ಪೊಲೀಸರು, ವ್ಯಾಪಾರಿಗಳು ಬಳಸುವ ಮುಖ್ಯ ಆವೃತ್ತಿಗಳಲ್ಲಿ 2013ರ ಜನವರಿಯಿಂದ ಅದನ್ನು 12.5 ಕಿಲೋಹರ್ಟ್ಸ್‌ಗೆ ಇಳಿಸಬೇಕೆಂಬ ನಿಯಮ ಜಾರಿಗೆ ಬಂತು. ಅಷ್ಟು ಕಿರಿದಾದ ಜಾಗದಲ್ಲಿ ಮಾತಾಡಲಾರದ ಹಳೆಯ ರೇಡಿಯೋಗಳು ಆ ಕೆಲಸದಿಂದ ನಿವೃತ್ತಿ ಹೊಂದಿದವು. ನನ್ನ ದೃಷ್ಟಿಯಲ್ಲಿ ಇದು ನ್ಯಾಯವೇ. ಒಬ್ಬರು ಕೂತಿದ್ದ ಬೆಂಚಿನಲ್ಲಿ ಸರಿದು ಕೂತರೆ ಇನ್ನೊಬ್ಬರಿಗೂ ಜಾಗವಾಗುತ್ತದೆ.

ಈಗಿನ ಮೊಬೈಲು ಫೋನೂ ರೇಡಿಯೋವೇ. ಇಬ್ಬರೂ ಏಕಕಾಲಕ್ಕೆ ಮಾತಾಡಬಹುದು. ಯಾರಿಗೆ ಯಾವ ಅಲೆ, ಯಾವ ಕ್ಷಣದಲ್ಲಿ ಎಂದು ಫೋನಿನ ಜಾಲವೇ ಹಂಚುತ್ತದೆ. ಬಹಳ ಒಳ್ಳೆಯ ಏರ್ಪಾಡು. ಆದರೆ ಹಂಚುವ ಕೆಲಸ ಪೂರ್ತಿ ಯಂತ್ರದ್ದಾದ ಮೇಲೆ, ಅಲೆ ಎಲ್ಲರದು ಎಂಬ ಭಾವನೆ ನಮ್ಮಲ್ಲಿ ಉಳಿಯಲಿಲ್ಲ. ಕೆರೆಯ ನೀರು ನಲ್ಲಿಯಲ್ಲಿ ಬಂದ ಮೇಲೆ ಕೆರೆಯನ್ನು ಮರೆತ ಹಾಗೆ. ಪ್ರವಾಹ ಬಂದು ಟವರಿಗೆ ವಿದ್ಯುತ್ ನಿಂತ ದಿನ ಫೋನುಗಳು ಮೂಕವಾಗುತ್ತವೆ. ಆಗ ಟವರಿನ ಹಂಗಿಲ್ಲದೆ ಒಂದರಿಂದ ಒಂದಕ್ಕೆ ನೇರವಾಗಿ ಮಾತಾಡುವ ಇಮ್ಮುಖ ರೇಡಿಯೋಗಳೇ ಕೈಹಿಡಿಯಬೇಕು. ಆ ದಿನ ಎಲ್ಲರೂ ಒಟ್ಟಿಗೆ ಕೂಗಿದರೆ ಯಾರ ಕೂಗೂ ತಲುಪುವುದಿಲ್ಲ. ಕಾಯಲು ಬಲ್ಲವರು ಇದ್ದರೆ ಮಾತ್ರ ರೇಡಿಯೋ ಉಪಯೋಗಕ್ಕೆ ಬರುತ್ತದೆ.

ಒಂದು ಎಚ್ಚರಿಕೆ. ಗುಜರಿಯಲ್ಲಿ ಇಂಥ ರೇಡಿಯೋ ಸಿಕ್ಕಿತೆಂದು ಅದರಲ್ಲಿ ಮಾತಾಡಲು ಹೋಗಬೇಡಿ. ಸರ್ಕಾರ ಮುಕ್ತವಾಗಿ ಬಿಟ್ಟಿರುವ ಕಡಿಮೆ ಶಕ್ತಿಯ ಕೆಲವು ಅಲೆಗಳನ್ನು ಬಿಟ್ಟರೆ, ಪರವಾನಗಿ ಇಲ್ಲದೆ ರೇಡಿಯೋ ಪ್ರೇಷಕ ಬಳಸುವುದು ನಮ್ಮ ದೇಶದಲ್ಲಿ ಅಪರಾಧ. ಆಸಕ್ತಿ ಇದ್ದವರಿಗೆ ಪರೀಕ್ಷೆ ಬರೆದು ಹ್ಯಾಮ್ ರೇಡಿಯೋ ಪರವಾನಗಿ ಪಡೆಯುವ ದಾರಿ ಇದೆ. ನಿಮ್ಮ ಶಿಕ್ಷಕರನ್ನು ಕೇಳಿ.

ಆದರೆ ಒಂದು ಆಟವನ್ನು ನಾಳೆಯೇ ಆಡಬಹುದು. ಆರು ಜನ ಕಣ್ಣು ಮುಚ್ಚಿ ವೃತ್ತವಾಗಿ ಕುಳಿತುಕೊಳ್ಳಿ. ಪ್ರತಿಯೊಬ್ಬರಿಗೂ ಹೇಳಲು ಒಂದೊಂದು ಸುದ್ದಿ ಇರಲಿ. ಮೊದಲು ಎಲ್ಲರೂ ಬೇಕೆನಿಸಿದಾಗ ಹೇಳಿ. ಎರಡನೆಯ ಸಲ ಮೂರು ಎಣಿಸುವಷ್ಟು ಹೊತ್ತು ಕೇಳಿಸಿಕೊಂಡು, ಯಾರೂ ಮಾತಾಡುತ್ತಿಲ್ಲ ಎಂದು ಖಚಿತವಾದ ಮೇಲೆ ಹೇಳಿ, ಕೊನೆಗೆ "ಓವರ್" ಎನ್ನಿ. ಯಾವ ಸಲ ಎಷ್ಟು ಸುದ್ದಿಗಳು ಸರಿಯಾಗಿ ತಲುಪಿದವು ಎಂದು ಬರೆದಿಟ್ಟು ಹೋಲಿಸಿ.

ಆ ಹುಡುಗಿಗೆ ಅಂದು ನಾನು ಕೊಟ್ಟ ಉತ್ತರ ಇಷ್ಟೇ: "ಪೊಲೀಸರು ಓವರ್ ಅನ್ನೋದು ಇನ್ನೊಬ್ಬರಿಗೆ ಜಾಗ ಬಿಡೋದಕ್ಕೆ ಪುಟ್ಟಿ." ನಕ್ಕಿದ್ದ ಹುಡುಗ ಆಗ ಏನೋ ಹೇಳಲು ಬಾಯಿ ತೆರೆದ. ಅವಳು ಕೈ ಅಡ್ಡ ಹಿಡಿದು, "ತಾಳು, ಮೇಡಂ ಇನ್ನೂ ಓವರ್ ಅಂದಿಲ್ಲ" ಎಂದಳು.

ನಾನು ಓವರ್ ಎಂದೆ. ಈಗ ನಿಮಗೂ ಅದನ್ನೇ ಹೇಳುತ್ತೇನೆ. ಇನ್ನು ನಿಮ್ಮ ಸರದಿ.